‘ನೊಂದ ಜೀವ’ದ ಮೇಲೆ ದಾವೆ

“ಇವನ ಕೈಗೆ ಕೋಳ ಬೀಳೋ ತನಕ ನಾನು ಕಾವಲಿ ಮುಟ್ಟಲ್ರಿ!”

ಕೊಟ್ರವ್ವ ತನ್ನ ಫೋನನ್ನು ವಕೀಲೆ ಸುಷ್ಮಾಳ ಮೇಜಿನ ಮೇಲೆ ಕುಕ್ಕಿದಳು. ಬಾಯಲ್ಲಿ ಹಾಗೆ ಅಂದಳೇ ಹೊರತು, ಎಂ.ಸಿ.ಸಿ. ಬಿ ಬ್ಲಾಕ್ ಬಡಾವಣೆಯಲ್ಲಿ ಅವಳ ಬೆಣ್ಣೆದೋಸೆ ಹೋಟೆಲು ಇಪ್ಪತ್ತೆರಡು ವರ್ಷಗಳಲ್ಲಿ ಬಾಗಿಲು ಹಾಕಿದ್ದು ಗಂಡ ತೀರಿಕೊಂಡ ಹನ್ನೊಂದು ದಿನ ಮಾತ್ರ.

ಊರಿನ ತಿಂಡಿಗಳ ಬಗ್ಗೆ ಹರಟುವ ಫೇಸ್‌ಬುಕ್ ಗುಂಪೊಂದಿತ್ತು. ಅದರಲ್ಲಿ ‘ನೊಂದ ಜೀವ’ ಎಂಬ ಹೆಸರಿಟ್ಟುಕೊಂಡು ಯಾರೋ ಎರಡು ತಿಂಗಳಿಂದ ಕೊಟ್ರವ್ವನ ಬೆನ್ನು ಹತ್ತಿದ್ದರು. ಮುಖ ಇಲ್ಲ, ವಿಳಾಸ ಇಲ್ಲ.

ಸುಷ್ಮಾ ಒಂದೊಂದಾಗಿ ಓದಿದಳು. ‘ಈ ದೋಸೆ ರುಚಿಯಾಗಿಲ್ಲ. ರುಚಿಯಾಗಿದೆ ಎನ್ನುವವರು ಡಾಕ್ಟರಿಗೆ ನಾಲಿಗೆ ತೋರಿಸಿಕೊಳ್ಳಲಿ.’ ಇನ್ನೊಂದು: ‘ಉಪ್ಪಿಟ್ಟೂ ಒಂದು ತಿಂಡಿಯೇ. ಅದಕ್ಕೂ ಮರ್ಯಾದೆ ಇದೆ.’ ಮೂರನೆಯದನ್ನು ಓದುವಾಗ ಅವಳ ದನಿ ಇಳಿಯಿತು. ‘ಈ ಹೆಂಗಸು ಹಿಟ್ಟಿಗೆ ಕೈಮದ್ದು ಹಾಕುತ್ತಾಳೆ. ಇಲ್ಲದಿದ್ದರೆ ಬುದ್ಧಿ ಇರುವ ಮನುಷ್ಯ ದಿನಾ ದೋಸೆ ದೋಸೆ ಎಂದು ಸಾಯುತ್ತಾನೆಯೇ?’

ಮೊದಲೆರಡನ್ನು ನಕ್ಕು ಬಿಡಬಹುದಿತ್ತು. ಆದರೆ ತಿನ್ನುವವರನ್ನು ವಶ ಮಾಡಿಕೊಳ್ಳಲು ಕೈಮದ್ದು ಬೆರೆಸುತ್ತಾಳೆಂಬ ಮಾತು ಅಡುಗೆಯವಳ ಮೇಲೆ ಬಂದರೆ ಮುಗಿಯಿತು. ಕುಕ್ಕುವಾಡದಂಥ ಹಳ್ಳಿಗಳಿಂದ ಪೇಟೆಗೆ ಬಂದವರು ಹೋಟೆಲಿನ ಮುಂದೆ ನಿಂತು, ಫೋನು ನೋಡಿ, ಮಕ್ಕಳ ಕೈ ಹಿಡಿದುಕೊಂಡು ಮುಂದಕ್ಕೆ ಹೋಗುತ್ತಿದ್ದರು. ಮಗಳು ಭವ್ಯಾಳನ್ನು ಕೊಟ್ಟ ಮನೆಯ ಬೀಗಿತ್ತಿ ಬಂದವಳು ಕಾಫಿ ಲೋಟ ಮುಟ್ಟದೆ ಎದ್ದಿದ್ದಳು. ಕೊಟ್ರವ್ವನಿಗೆ ಅಂದು ಆದ ಅವಮಾನ ಅಷ್ಟಿಷ್ಟಲ್ಲ. ಹೋಟೆಲು ಹೋದರೆ ಹೋಗಲಿ, ಮಗಳ ಮನೆಯಲ್ಲಿ ತನ್ನ ಕೈಯ ನೀರಿಗೂ ಅನುಮಾನಪಟ್ಟರೆ ಬದುಕುವುದು ಹೇಗೆ?

ತಪ್ಪದೆ ಬರುತ್ತಿದ್ದವನು ಬೋರಣ್ಣ ಒಬ್ಬನೇ. ಬೆಳಿಗ್ಗೆ ಆರೂವರೆಗೆ ಸ್ಟೀಲ್ ಡಬ್ಬಿ ಹಿಡಿದು, “ಸಾಹೇಬ್ರಿಗೆ ನಾಕು ದೋಸೆ, ಬೆಣ್ಣೆ ಜಾಸ್ತಿ. ಪಾರ್ಕಿನಾಗ ಕಾಯ್ತಾ ಕುಂತಿರ್ತಾರೆ, ಬೇಗ ಕೊಡ್ರಿ,” ಅನ್ನುತ್ತಿದ್ದ. ಯಾವ ಸಾಹೇಬರೆಂದು ಕೇಳಿದರೆ ತುಟಿ ಬಿಚ್ಚುತ್ತಿರಲಿಲ್ಲ. ಅದೊಂದು ಗಿರಾಕಿಯಾದರೂ ಉಳಿಯಲಿ ಎಂದು ಕೊಟ್ರವ್ವ ಇನ್ನಷ್ಟು ಬೆಣ್ಣೆ ಹಾಕುತ್ತಿದ್ದಳು.

“ಯಾರ ಮೇಲಾದ್ರೂ ಅನುಮಾನ ಐತೇನ್ರಿ ಅಮ್ಮಾ?” ಎಂದಳು ಸುಷ್ಮಾ.

“ಅನುಮಾನ ಏನ್ ಬಂತು? ಓಬಯ್ಯ! ಹರಿಹರದ ಓಬಯ್ಯ!”

ಓಬಯ್ಯ ಮೊದಲು ಕೊಟ್ರವ್ವನ ಹೋಟೆಲಿನಲ್ಲೇ ಅಡುಗೆಗಿದ್ದವನು. ಜಗಳವಾಡಿ ಹೋಗಿ ಹರಿಹರದಲ್ಲಿ ಸ್ವಂತ ಹೋಟೆಲಿಟ್ಟ. ಅಲ್ಲಿ ಸಿಗುವುದು ಒಂದೇ ತಿಂಡಿ, ಉಪ್ಪಿಟ್ಟು. ಇನ್ನೇನು ಸಾಕ್ಷಿ ಬೇಕು?

ಇಬ್ಬರೂ ಸುಷ್ಮಾಳ ಸ್ಕೂಟರಿನಲ್ಲಿ ಹರಿಹರಕ್ಕೆ ಹೋದರು. ಓಬಯ್ಯ ಪೂರ್ತಿ ಕೇಳಿಸಿಕೊಂಡು ಅಂಗಿ ಜೇಬಿನಿಂದ ಫೋನು ತೆಗೆದ. ಗುಂಡಿ ಒತ್ತುವ ಹಳೇ ಫೋನು. ಅದು ಬಿಚ್ಚಿಹೋಗದಂತೆ ರಬ್ಬರ್ ಬ್ಯಾಂಡ್ ಸುತ್ತಿದ್ದ.

“ಅಕ್ಕಾ, ಇದರಾಗ ಬಂದ ಫೋನ್ ಎತ್ತೋದೇ ಕಷ್ಟ ಐತೆ. ಬೈಯೋದಿದ್ರೆ ನಾನು ಬಸ್ ಹತ್ತಿ ಬಂದು ಮುಖದ ಮುಂದೇ ಬೈತೀನಿ, ನಿಂಗೂ ಗೊತ್ತಲ್ಲ.” ಆಮೇಲೆ ಸ್ವಲ್ಪ ನಾಚಿಕೊಂಡು ಕೇಳಿದ. “ಆ ಉಪ್ಪಿಟ್ಟಿನ ಸಾಲು ಇನ್ನೊಂದ್ ಸಲ ಓದ್ರಿ ಮೇಡಂ. ಉಪ್ಪಿಟ್ಟಿನ ಬಗ್ಗೆ ಯಾರೂ ಇಷ್ಟು ಚೆಂದ ಹೇಳಿಲ್ಲ.”

“ನಾಟಕ ಮಾಡ್ತಾನೆ,” ಎನ್ನುತ್ತಲೇ ಇದ್ದಳು ಕೊಟ್ರವ್ವ, ವಾಪಸ್ ಊರು ಮುಟ್ಟುವವರೆಗೂ.

ಹೆಸರು ಗೊತ್ತಿಲ್ಲದ ವ್ಯಕ್ತಿಯ ಮೇಲೆ ಸುಷ್ಮಾ ಮಾನನಷ್ಟದ ದಾವೆ ಹೂಡಿದಳು. ಆ ಖಾತೆ ಯಾರ ನಂಬರಿನದು ಎಂದು ಫೇಸ್‌ಬುಕ್ ಕಂಪನಿಯವರು ಮುಚ್ಚಿದ ಲಕೋಟೆಯಲ್ಲಿ ತಿಳಿಸಬೇಕೆಂದು ನ್ಯಾಯಾಧೀಶರು ಆದೇಶಿಸಿದರು. ಸುಷ್ಮಾ ಹಿಗ್ಗಿ ಕೊಟ್ರವ್ವನಿಗೆ ಫೋನು ಮಾಡಿದಳು.

“ಜಡ್ಜ್ ಸಾಹೇಬ್ರು ಸಿಟ್ಟಾಗಿದ್ರು ಕಣ್ರಮ್ಮಾ! ‘ವಾದಿಯ ದೋಸೆಯಲ್ಲಿ ಮದ್ದು ಇರಲು ಸಾಧ್ಯವೇ ಇಲ್ಲ’ ಅಂದ್ರು. ಎಷ್ಟು ಖಾತ್ರಿಯಿಂದ ಅಂದ್ರು ಅಂತೀರಿ! ಇಂಥ ಹೇಡಿಯನ್ನ ಸುಮ್ನೆ ಬಿಡಲ್ಲ ಅಂತನೂ ಹೇಳಿದ್ರು.”

ಲಕೋಟೆ ಒಡೆಯುವ ದಿನ ಕೊಟ್ರವ್ವ ಮೊದಲ ಸಲ ನ್ಯಾಯಾಲಯದ ಮೆಟ್ಟಿಲು ಹತ್ತಿದಳು. ಬೀಗಿತ್ತಿಯನ್ನೂ ಕರೆತಂದಿದ್ದಳು. ಅವಳ ಕಿವಿಗೇ ಬೀಳಲಿ ಎಂದು. ಅನುಮಾನ ಪರಿಹಾರವಾಗಲಿ ಎಂದು ಓಬಯ್ಯನೂ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದ.

“ಕೊಟ್ರವ್ವಾ... ಕೊಟ್ರವ್ವಾ... ಕೊಟ್ರವ್ವಾ!”

ಕೂಗಿದವನು ನ್ಯಾಯಾಲಯದ ಜವಾನನ ಬಿಳಿ ಸಮವಸ್ತ್ರದಲ್ಲಿದ್ದ ಬೋರಣ್ಣ. ಕೊಟ್ರವ್ವ ಬಾಯಿ ತೆರೆದಳು. ಅವನು ಗಾಬರಿಯಿಂದ ಹತ್ತಿರ ಬಂದು, ನ್ಯಾಯಾಧೀಶರ ಕಡೆ ಕಣ್ಣು ತೋರಿಸಿ ಪಿಸುಗುಟ್ಟಿದ. “ನಮ್ಮ ಸಾಹೇಬ್ರು ಇವ್ರೇ ಅಕ್ಕಾ. ಎಲ್ಲೂ ಹೇಳಬ್ಯಾಡ್ರಿ.”

ಕೊಟ್ರವ್ವನ ಎದೆ ಹಗುರಾಯಿತು. ದಿನಾ ನಾಕು ದೋಸೆ ತಿನ್ನುವ ಮನುಷ್ಯ ತನ್ನ ಕೈ ಬಿಟ್ಟಾನೆಯೇ? ಓಬಯ್ಯನ ಕಡೆ ತಿರುಗಿ ಗತ್ತಿನಿಂದ ಕೆಮ್ಮಿದಳು.

ನ್ಯಾಯಾಧೀಶರು ಲಕೋಟೆ ಹರಿದರು. ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು. ‘ನೊಂದ ಜೀವ’ದ ಬರಹಗಳ ಪ್ರತಿ ತರಿಸಿಕೊಂಡು ಕೈಮದ್ದಿನ ಸಾಲಿನಲ್ಲಿ ‘ದಿನಾ ದೋಸೆ ದೋಸೆ’ ಎಂಬಲ್ಲಿ ಬೆರಳಿಟ್ಟರು. ಬೋರಣ್ಣ ಕೊಟ್ಟ ನೀರನ್ನು ಒಂದೇ ಗುಟುಕಿಗೆ ಕುಡಿದರು.

“ಈ ದಾವೆಯನ್ನು ನಾನು ನಡೆಸುವಂತಿಲ್ಲ. ಬೇರೆ ನ್ಯಾಯಾಲಯಕ್ಕೆ ಹೋಗಲಿ.”

ಸುಷ್ಮಾ ತಟ್ಟನೆ ಎದ್ದು ನಿಂತಳು. “ಯಾಕೆ ಸ್ವಾಮಿ? ಆ ಹೇಡಿ ಯಾರು ಅಂತಾದ್ರೂ...”

ನ್ಯಾಯಾಧೀಶರು ಹೊರಬಾಗಿಲಿನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. “ಸ್ವಲ್ಪ ಮೆಲ್ಲಗೆ ಮಾತಾಡಿ. ಅವರು ನಮ್ಮ ಮನೆಯವರು.”