ಲೀಲಾವತಿಯವರ ಮೇಯರ್

ಲೀಲಾವತಿ ಮತಪತ್ರವನ್ನು ಅಡ್ಡಡ್ಡ ಹರಿದು, ಉದ್ದುದ್ದ ಹರಿದು, ಆಲೂಗಡ್ಡೆ ಸಿಪ್ಪೆಯ ಮೇಲೆ ಹಾಕಿದರು. ಮಗ ಕೃಷ್ಣಪ್ರಸಾದ ಬಾಯಿ ಬಿಟ್ಟುಕೊಂಡು ನಿಂತ.

ತಾನು ಮಾಡಿದ್ದರಲ್ಲಿ ತಪ್ಪೇನಿದೆ ಅಂತ ಅವನಿಗೆ ಗೊತ್ತೇ ಆಗಲಿಲ್ಲ, ಪಾಪ. ಬಾಸ್ಟನ್ನಿನ ಮೇಯರ್ ಚುನಾವಣೆಗೆ ಅಮ್ಮನ ಹೆಸರಿಗೆ ಈಮೇಲಿನಲ್ಲಿ ಬಂದ ಮತಪತ್ರ ಅದು. ಪ್ರಿಂಟ್ ತೆಗೆದು, ಗುರುತನ್ನೂ ತಾನೇ ಹಾಕಿ, ಸಹಿ ಮಾಡುವ ಜಾಗಕ್ಕೆ ಹಳದಿ ಚೀಟಿ ಅಂಟಿಸಿ, ಪೆನ್ನಿನ ಸಮೇತ ತಂದುಕೊಟ್ಟಿದ್ದ. ಅಪ್ಪ ಶ್ರೀಕಂಠ ಇದ್ದಾಗಲೂ ಹೆಚ್ಚುಕಡಿಮೆ ಹೀಗೇ. ಯಾರಿಗೆ ಹಾಕಬೇಕು ಅಂತ ಮತಗಟ್ಟೆಯ ಬಾಗಿಲವರೆಗೂ ಹೆಂಡತಿಗೆ ಬಾಯಿಪಾಠ ಮಾಡಿಸುವರು, ಈಕೆ ಚಾಚೂ ತಪ್ಪದೆ ಹಾಕಿ ಬರುವರು. ಗಂಡ ಹೋದ ಮೇಲೆ, ಐರ್ಲೆಂಡಿನ ಮೇನೂತ್ ಊರಲ್ಲಿರುವ ಮಗನ ಮನೆಯಲ್ಲಿ ನಾಲ್ಕು ದಿನ ಇದ್ದು ಹೋಗೋಣ ಅಂತ ಬಾಸ್ಟನ್ನಿನಿಂದ ಬಂದವರನ್ನು ಕೊರೋನಾ ಇಲ್ಲೇ ಹಿಡಿದು ಕೂರಿಸಿತ್ತು.

“ಅಮ್ಮ, ಅದನ್ನ ಇವತ್ತೇ ಕಳಿಸ್ಬೇಕು. ಅಪ್ಪ ಇದ್ದಿದ್ರೆ ಇವರಿಗೇ ಹಾಕ್ತಿದ್ರು. ಅಲ್ಲಿನ ಪಾಲಿಟಿಕ್ಸ್ ನಿನಗೇನು ಗೊತ್ತು?”

ಲೀಲಾವತಿಗೆ ಮೈಯೆಲ್ಲ ಉರಿದುಹೋಯಿತು.

“ನಿಮ್ಮಪ್ಪ ಕಾರಲ್ಲಿ ಓಡಾಡ್ತಿದ್ರು. ನಾನು ಹಿಮದಲ್ಲಿ ಬಸ್ಸಿಗೆ ಕಾಯ್ತಾ ನಿಂತಿರ್ತಿದ್ದೆ. ಅವರ ಮೇಯರೇ ಬೇರೆ, ನನ್ನ ಮೇಯರೇ ಬೇರೆ. ಇನ್ನೊಂದು ಪ್ರಿಂಟ್ ಹಾಕು.”

ಅವನು ಅಷ್ಟಕ್ಕೇ ಬಿಡುತ್ತಾನೆಯೇ? ಅಪ್ಪನ ಆತ್ಮಕ್ಕೆ ನೋವಾಗುತ್ತದೆ ಎಂದ. ಆತ್ಮಕ್ಕೆ ಅಲ್ಲಿ ಓಟಿಲ್ಲ, ತನಗಿದೆ ಅಂತ ಅಮ್ಮ ಹೇಳಿದರು. ಇಷ್ಟು ವರ್ಷ ಸುಮ್ಮನಿದ್ದು ಈಗೇನು ಹೊಸ ಹಟ ಎಂದು ಕೇಳಿದ. ಇಷ್ಟು ವರ್ಷ ಸುಮ್ಮನಿದ್ದುದಕ್ಕೇ ಈಗ ಹಟ ಅಂತ ಉತ್ತರ ಬಂತು. ಮೇಜಿನ ಆ ತುದಿಯಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದ ಮೊಮ್ಮಗಳು ತನ್ವಿ ತಲೆ ಎತ್ತದೆಯೇ, “ಶೀ ಈಸ್ ಗ್ರ್ಯಾಂಡ್, ಡ್ಯಾಡಿ. ಲೀವ್ ಹರ್ ಬಿ,” ಅಂದಳು. ಇಲ್ಲಿಯ ಮಕ್ಕಳ ಬಾಯಲ್ಲಿ ‘ಗ್ರ್ಯಾಂಡ್’ ಅಂದರೆ ‘ಸರಿಯಾಗೇ ಇದ್ದಾರೆ’ ಅಂತ.

ಹೊಸ ಮತಪತ್ರ ಬಂತು. ಜೊತೆಗೆ ಒಂದು ಕುರ್ಚಿಯೂ ಬಂತು. ತಪ್ಪು ಜಾಗದಲ್ಲಿ ಗುರುತು ಹಾಕಿಬಿಟ್ಟರೆ ಅಂತ ಕೃಷ್ಣಪ್ರಸಾದ ಅಮ್ಮನ ಪಕ್ಕಕ್ಕೇ ಎಳೆದುಕೊಂಡು ಕೂತಿದ್ದ. ಲೀಲಾವತಿ ಕಾಗದದ ಮೇಲೆ ಅಂಗೈ ಅಗಲಿಸಿ ಇಟ್ಟರು.

“ಓಟು ಹಾಕೋವಾಗ ಪಕ್ಕದಲ್ಲಿ ಯಾರೂ ಇರೋ ಹಾಗಿಲ್ಲ. ಆಚೆ ಹೋಗು.”

“ಎಲ್ಲಿಗಮ್ಮ? ಮಳೆ ಬರ್ತಿದೆ.”

“ಜಾಕೆಟ್ ಹಾಕ್ಕೊಂಡು ಹೋಗು.”

ತನ್ವಿ ಯಾರೂ ಹೇಳದೆಯೇ ಪುಸ್ತಕ ಎತ್ತಿಕೊಂಡು ಮಹಡಿ ಹತ್ತಿದಳು. ಕೃಷ್ಣಪ್ರಸಾದ ಗೊಣಗುತ್ತ ಹಿತ್ತಲ ಬಾಗಿಲು ತೆರೆದು ಹೊರಗೆ ಹೋದ. ಲೀಲಾವತಿ ಬಾಗಿಲ ಚಿಲಕ ಹಾಕಿ, ಕನ್ನಡಕ ಒರೆಸಿಕೊಂಡು ಕೂತರು. ಎಲ್ಲ ಹೆಸರುಗಳನ್ನೂ ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿದರು. ಅವಸರ ಮಾಡುವವರು ಯಾರೂ ಇರಲಿಲ್ಲ. ಪೆನ್ನು ಕಾಗದಕ್ಕೆ ತಾಗಿಸುವ ಮೊದಲು ಯಾಕೋ ತಲೆ ಎತ್ತಿ ನೋಡಿದರು.

ಜಡಿಮಳೆಯಲ್ಲಿ ಕಸದ ಡಬ್ಬಿಯ ಪಕ್ಕ ತುದಿಗಾಲಲ್ಲಿ ನಿಂತು, ಕುತ್ತಿಗೆ ಉದ್ದ ಮಾಡಿ, ಕಿಟಕಿಯಿಂದ ಮಗ ಇಣುಕುತ್ತಿದ್ದ.

ಲೀಲಾವತಿ ಎದ್ದು ಬಂದು, ಅವನ ಮುಖವನ್ನೇ ನೋಡುತ್ತ, ಕಿಟಕಿಯ ಬ್ಲೈಂಡನ್ನು ಸರ್ರನೆ ಕೆಳಗೆಳೆದರು.