ಸುವರ್ಣಮ್ಮನ ಫ್ಲಾಪಿ

ಕುಂಬಳಕಾಯಿ ಕಳ್ಳ ಅಂದರೆ ಹೆಂಡತಿಯ ಹೆಗಲು ಮುಟ್ಟಿ ನೋಡಿದನಂತೆ. ಗಾದೆ ಹೀಗಿಲ್ಲ ಎಂದು ಜಗಳಕ್ಕೆ ಬರಬೇಡಿ. ಎಂಬತ್ತೊಂಬತ್ತನೇ ಇಸವಿಯಲ್ಲಿ ಸಿರುಗುಪ್ಪದ ಒಂದು ಮನೆಯಲ್ಲಿ ಅದು ಹೀಗೇ ಇತ್ತು. ವೇದ ಸುಳ್ಳಾದರೂ ಗಾದೆ ಸುಳ್ಳಾಗದಂತೆ. ಇಲ್ಲಿ ಗಾದೆ ಸುಳ್ಳಾದರೂ ಕಥೆ ಸುಳ್ಳಲ್ಲ.

"ಮೊದಲು ಇದರ ಫ್ಲಾಪಿ ನೋಡ್ರಿ," ಎಂದು ಅಕ್ಕಿ ಗಿರಣಿಯ ತಿಪ್ಪೇರುದ್ರಪ್ಪ ಮನೆಗೆ ಬಂದ ಸೇಲ್ಸ್‌ಮನ್ನನ ಎದುರು ಹೆಂಡತಿ ಸುವರ್ಣಮ್ಮನ ಕಡೆ ಬೆರಳು ಚಾಚಿದ. "ವಾರಕ್ಕ ಎರಡು ದಿನ ಬಳ್ಳಾರಿಗೆ ಹೋಗತೈತಿ, ಕಂಪ್ಯೂಟರ್ ಕಲಿಯಾಕ. ಅಲ್ಲಿಂದ ಯಾವ ಹಾಳು ವೈರಸ್ ಹೊತ್ತು ತಂದೈತೋ, ನಮ್ಮ ಮನಿ ಮಿಷಿನ್ ಕೆಟ್ಟು ಕುಂತೈತಿ."

ಗಿರಣಿಯ ತೌಡಿನ ಧೂಳು ತಾಗದಿರಲೆಂದು ಮನೆಯಲ್ಲಿಟ್ಟಿದ್ದ ಕಂಪ್ಯೂಟರು ಅದು. ಎಂಟು ದಿನದ ಹಿಂದೆ ಅದರ ಪರದೆಯ ಮೇಲಿನ ಅಕ್ಷರಗಳು ಒಂದೊಂದೇ ಕಳಚಿ, ಜರಡಿಯಿಂದ ನುಚ್ಚು ಉದುರಿದಂತೆ ಕೆಳಗೆ ಬಿದ್ದಿದ್ದವು. ಅಂದಿನಿಂದ ಸುವರ್ಣಮ್ಮ ಕೀಲಿಮಣೆ ಮುಟ್ಟುವಂತಿರಲಿಲ್ಲ. ಬಂದ ನೆಂಟರೆದುರು, ಗಿರಣಿಯಲ್ಲಿ ಮೂಟೆ ಹೊರುವ ಹಮಾಲರೆದುರು ಬೈಗುಳ ಬೇರೆ. ರೋಗ ಅವಳ ಫ್ಲಾಪಿಯದೇ ಎಂದು ಗೊತ್ತಾದರೆ ಬಳ್ಳಾರಿಗೆ ಹೋಗುವುದೂ ನಿಂತಂತೆ, ಸೋಮವಾರದ ಪರೀಕ್ಷೆಯೂ ಮುಳುಗಿದಂತೆ.

ಆ ಉರಿಬಿಸಿಲಲ್ಲೂ ಟೈ ಕಟ್ಟಿಕೊಂಡು ಬಂದಿದ್ದ ಸೇಲ್ಸ್‌ಮನ್ ಎರಡು ಡಬ್ಬಿ ಮೇಜಿನ ಮೇಲಿಟ್ಟ. "ಚೂಡಂಡಿ, ನೋಡಿ ಸಾರ್, ಇದು ನಮ್ಮ ದೇಶದ್ದು, ಅದು ಫಾರಿನ್. ಎರಡೂ ಆ್ಯಂಟಿ-ವೈರಸ್ಸೇ. ಮನೆ ಕಂಪ್ಯೂಟರ್‌ಗೆ ಒಂದು ಸಾಕು ಸಾರ್."

"ಮಾದರಿ ನೋಡದೆ ನಾವು ಭತ್ತಾನೂ ತಗೊಳ್ಳಂಗಿಲ್ಲ. ಎರಡೂ ಹಾಕಿ ತೋರಿಸ್ರಿ."

ಸುವರ್ಣಮ್ಮ ಎರಡು ಫ್ಲಾಪಿ ತಂದಿಟ್ಟಳು. ಒಂದರ ಚೀಟಿಯ ಮೇಲೆ 'ಸುವರ್ಣ, ಬಳ್ಳಾರಿ' ಎಂದಿತ್ತು. ಇನ್ನೊಂದರ ಮೇಲೆ 'ಕಾರ್ ಆಟ'. ಕಾರ್ ಆಟವೆಂದರೆ ಕುರುಗೋಡಿನ ಗೆಳೆಯ ದೊಡ್ಡಬಸಪ್ಪ ಕೊಟ್ಟದ್ದು, ತಿಪ್ಪೇರುದ್ರಪ್ಪ ದಿನಾ ಮಧ್ಯಾಹ್ನ ಉಂಡು, ಬಾಗಿಲು ಹಾಕಿಕೊಂಡು ಆಡುತ್ತಿದ್ದದ್ದು. ಮೊದಲು ನಮ್ಮ ದೇಶದ್ದು ಓಡಿತು. ಕರ್‌ರ್, ಕಿಟಕ್, ಕಿಟಕ್ ಎಂದು ಹಳೇ ಲಾರಿಯಂತೆ ಕೆಮ್ಮಿ, ಎರಡು ಫ್ಲಾಪಿಯೂ ಶುದ್ಧ ಎಂದಿತು.

ತಿಪ್ಪೇರುದ್ರಪ್ಪ ಕೆರಳಿದ. "ಎತ್ತಿಡ್ರಿ ಅದನ್ನ! ಕಳ್ಳನ ಮುಂದ ಕುಂತರೂ ಹಿಡಿಯದ ಪೊಲೀಸ್ ಯಾತಕ್ಕ ಬೇಕು?"

ಫಾರಿನ್ನಿನದು 'ಕಾರ್ ಆಟ'ವನ್ನು ಸುಮ್ಮನೆ ಬಿಟ್ಟಿತು. "ಪ್ಯೂರ್ ಗೋಲ್ಡ್ ಸಾರ್ ನಿಮ್ದು!" ಎಂದ ಸೇಲ್ಸ್‌ಮನ್. 'ಸುವರ್ಣ' ಒಳಗೆ ಹೋದದ್ದೇ ತಡ, ಪೀಂ ಪೀಂ ಪೀಂ ಎಂದು ಓಣಿಗೆಲ್ಲ ಕೇಳುವಂತೆ ಕಿರುಚಿಕೊಂಡಿತು. ಸೇಲ್ಸ್‌ಮನ್ ಟೈ ಸಡಿಲಿಸಿದ. "ಅಯ್ಯಬ್ಬಾ! ಫೈಲೆಲ್ಲಾ ವೈರಸ್ ಸಾರ್! ಲೇಡೀಸು ಸೀರೆ ಬದಲಾಯಿಸ್ಕೊಂಡಂಗೆ ಫ್ಲಾಪಿ ಬದಲಾಯಿಸ್ಕೊತಾರೆ ಸಾರ್, ಅದಕ್ಕೇ."

"ಇದು ನೋಡು ಮಾಲು! ಇದನ್ನ ತಗೊಂತೀನಿ," ಎಂದು ತಿಪ್ಪೇರುದ್ರಪ್ಪ ಮೇಜು ಗುದ್ದಿ ಹೆಂಡತಿಯತ್ತ ತಿರುಗಿದ. "ಕೇಳಿದೇನು? ಓದಾಕ ಹೋಗಿ ರೋಗ ತಂದಿ! ಬಳ್ಳಾರಿ ಗಿಳ್ಳಾರಿ ಇವತ್ತಿಗೆ ಮುಗೀತು. ಈ ಫ್ಲಾಪಿ ಯಾರದೈತೋ ಅವರು ಇನ್ನ ಈ ಮಿಷಿನ್ ಮುಟ್ಟಬಾರದು."

"ಯಾರದಾದರೂ?"

"ಯಾರದಾದರೂ! ಇವರ ಮುಂದ ಹೇಳೀನಿ."

ಸುವರ್ಣಮ್ಮ ಫ್ಲಾಪಿ ಹೊರಗೆಳೆದು, ತನ್ನ ಹೆಸರಿನ ಚೀಟಿಯ ತುದಿಗೆ ಉಗುರು ಹಾಕಿ ಎಳೆದಳು. ಅದರ ಕೆಳಗೆ ಇನ್ನೊಂದು ಚೀಟಿ. ಗಂಡನ ಮುಖಕ್ಕೆ ಹಿಡಿದಳು. "ಓದ್ರಿ. ನಿಮ್ಮದ ಅಕ್ಷರ."

ತಿಪ್ಪೇರುದ್ರಪ್ಪ ಜೇಬಿನಲ್ಲಿ ಕನ್ನಡಕ ತಡಕತೊಡಗಿದ. ಸೇಲ್ಸ್‌ಮನ್ನೇ ಬಗ್ಗಿ ಓದಿದ: "ಕಾರ್ ಆಟ. ದೊಡ್ಡಬಸಪ್ಪ, ಕುರುಗೋಡು."

"ಆ ಪ್ಯೂರ್ ಗೋಲ್ಡ್ ಐತಲ್ಲ, ಅದು ನಂದು," ಎಂದಳು ಸುವರ್ಣಮ್ಮ. "ಗಿರಣ್ಯಾಗ ಮಾದರಿ ನೋಡುವಾಗ ರೈತನ ಹೆಸರು ಹೇಳಬ್ಯಾಡ್ರಿ ಅಂತೀರಿ. ಹೆಸರು ಕೇಳಿದ್ರ ಕಣ್ಣು ಭತ್ತಾ ನೋಡಂಗಿಲ್ಲ, ರೈತನ ಮಾರಿ ನೋಡತೈತಿ ಅಂತೀರಿ. ನಾನು ಅಷ್ಟ ಮಾಡೀನಿ. ನಿಮ್ಮ ಚೀಟಿ ಮುಚ್ಚಿ ನನ್ನ ಹೆಸರು ಹಚ್ಚೀನಿ, ನನ್ನದಕ್ಕ 'ಕಾರ್ ಆಟ' ಅಂತ ಹಚ್ಚೀನಿ. ನೀವು ಭತ್ತಾ ನೋಡಲೇ ಇಲ್ಲ."

ಸೇಲ್ಸ್‌ಮನ್ ಮೊದಲು ಕಿಸಕ್ಕೆಂದ. ಆಮೇಲೆ ತಿಪ್ಪೇರುದ್ರಪ್ಪ ನಗತೊಡಗಿದ. ನಕ್ಕ ನಕ್ಕ, ಹೊಟ್ಟೆ ಹಿಡಿದುಕೊಂಡು ನಕ್ಕ, ಸೇಲ್ಸ್‌ಮನ್ನನ ಬೆನ್ನು ಗುದ್ದಿ ಗುದ್ದಿ ನಕ್ಕ. "ಎಂಥಾ ಆಟಾ ಕಟ್ಟಿದಿ ಲೇ! ನೋಡಿದ್ರೇನ್ರಿ ನಮ್ಮ ಮನಿಯಾಕಿನ್ನ? ಇರಲಿ ಇರಲಿ, ನೀವು ಆ ಮೊದಲನೇದ್ದ ಕೊಟ್ಟುಬಿಡ್ರಿ. ಮರ್ಯಾದಸ್ಥ ಐತಿ. ಸುಮ್ನ ಯಾರ ಮ್ಯಾಲೂ ಹೊರಸಂಗಿಲ್ಲ."

"ಎಂಟು ದಿನ ಹಮಾಲರ ಮುಂದ ನನ್ನ ಬೈದ್ರಲ್ಲ, ಆಗ್ಯಾಕ ನಗು ಬರಲಿಲ್ಲ ನಿಮಗ?" ಸುವರ್ಣಮ್ಮ ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕೂತಳು. "ಸೋಮವಾರ ಏಳರ ಬಸ್ಸಿಗೆ ಹೊಂಟೀನಿ. ಹಮಾಲರನ್ನ ಯಾವಾಗ ಕರಸ್ತೀರಿ? ಫ್ಲಾಪಿ ಯಾರದಂತ ಅವರಿಗೂ ಗೊತ್ತಾಗಲಿ."

ಸೇಲ್ಸ್‌ಮನ್ನನ ನಗು ಗಕ್ಕನೆ ನಿಂತಿತು. ತಿಪ್ಪೇರುದ್ರಪ್ಪ ಮಾತ್ರ ಇನ್ನೂ ಜೋರಾಗಿ ನಗುತ್ತಲೇ ಇದ್ದ. ನಿಲ್ಲಿಸಿದರೆ ಉತ್ತರ ಹೇಳಬೇಕಿತ್ತು.