ಬೆಳೆಯದ ಕಲ್ಲಿನ ಸಾಕ್ಷಿ

ಶಹಾಬಾದಿನವರು ಮನೆ ಕಟ್ಟುವುದನ್ನು ಬಿಟ್ಟು ಬೆಳೆಸತೊಡಗಿ ಮೂವತ್ತು ವರ್ಷವಾಗಿತ್ತು. ನೀರಿನ ಕ್ಯಾಲ್ಸಿಯಂ ಹೀರಿ ಗೋಡೆ ತಾನೇ ಬೆಳೆಯುತ್ತದೆ. ಆದರೆ ಸಾಕಾದಾಗ ನಿಲ್ಲಬೇಕಾದರೆ ಅದರ ಮೈಯಲ್ಲಿ ಕ್ಯಾಲ್ಸಿಯಂ ಅರಿಯುವ ರಿಸೆಪ್ಟರ್ ಇರಬೇಕು. ಅದಿದೆಯೇ ಎಂದು ನೋಡುವುದು ಗುರುಬಾಯಿಯ ಕೆಲಸ.

ಅವಳು ಕಸ್ತೂರವ್ವನ ಒಳಕೋಣೆಯ ಗೋಡೆಗೆ ಆ್ಯಂಟಿಬಾಡಿಯ ಹನಿ ಹಾಕಿದಳು. ರಿಸೆಪ್ಟರ್ ಇದ್ದರೆ ನೀಲಿಯಾಗಬೇಕು. ನೀಲಿಯಾಯಿತು.

“ನಾ ಹೇಳಿದ್ದಿಲ್ಲೇನು? ಗೋಡಿ ಚಲೋ ಅದ. ಬಾಗಿಲಾ ಸಣ್ಣಾಗ್ಯಾದ ಅಂತ ಮಗಳು ಸುಮ್ಮ ಅಂಜ್ತಾಳ,” ಎಂದಳು ಕಸ್ತೂರವ್ವ. ದಿನ ತುಂಬಿದ ಮಗಳು ಸುವರ್ಣಾ ಒಳಗೆ ಮಲಗಿದ್ದಳು.

ಗುರುಬಾಯಿ ಒಂದೇ ಹನಿಯನ್ನು ನಂಬುವ ಹೆಂಗಸಲ್ಲ. ಚೀಲದಿಂದ ಹಳೆಯ ಗಣಿಯ ಕಲ್ಲೊಂದನ್ನು ತೆಗೆದು, ಎಂದೂ ಬೆಳೆಯದ, ರಿಸೆಪ್ಟರೇ ಇಲ್ಲದ ಆ ಕಲ್ಲಿಗೂ ಹನಿ ಹಾಕಿದಳು. ಅದೂ ನೀಲಿಯಾಯಿತು.

“ಈ ಔಷಧ ಕೆಟ್ಟದ್ರೀ. ಕಂಡಿದ್ದಕ್ಕೆಲ್ಲಾ ಹೂಂ ಅನ್ಲಿಕತ್ತದ.”

ಹೊಸ ಸೀಸೆ ತೆರೆದಳು. ಅಡುಗೆಮನೆಯ ಗೋಡೆ ನೀಲಿಯಾಯಿತು. ಕಲ್ಲಿನ ಇನ್ನೊಂದು ಮಗ್ಗುಲು ಆಗಲಿಲ್ಲ. ಒಳಕೋಣೆಯ ಗೋಡೆಯೂ ಆಗಲಿಲ್ಲ.

“ಮಗಳಿಗೆ ಈಗೇ ಹೊರಗ ಕರೀರಿ.”

“ತೊಟ್ಟಿಲಾ ಒಳಗೇ ಅದಲ್ಲವ್ವಾ?”

“ತೊಟ್ಟಿಲಾ ಇನ್ನೊಂದು ಸಿಗ್ತದ. ಕರೀರಿ.”

ಸುವರ್ಣಾ ಉಸಿರು ಬಿಗಿಹಿಡಿದು ಅಡ್ಡಡ್ಡಲಾಗಿ ಹೊರಬಂದಳು. ಹೊಟ್ಟೆಯ ಮೇಲಿನ ಸೀರೆಗೆಲ್ಲ ಬಾಗಿಲಿನ ಸುಣ್ಣ ಮೆತ್ತಿಕೊಂಡಿತ್ತು.

ನಾಲ್ಕನೆಯ ದಿನ ಮೊಮ್ಮಗಳು ಹುಟ್ಟಿದಳು. ತೊಟ್ಟಿಲು ತರೋಣವೆಂದು ಹೋದ ಕಸ್ತೂರವ್ವನಿಗೆ ಆ ಬಾಗಿಲೊಳಗೆ ಒಂದು ಕೈಯನ್ನಷ್ಟೇ ತೂರಿಸಲು ಸಾಧ್ಯವಾಯಿತು.